ಪಾದದಮ್ಮ ಒತ್ತದ ಎಡಗಾಲು

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ಹದಿನಾಲ್ಕನೇ ಹಾಸಿಗೆಯ ಬಸ್ ಡ್ರೈವರ್ ಸತ್ತದ್ದು ಮಾಲೀಶಿನಿಂದ ಎಂದು ನಿಮ್ಮ ತನಿಖಾ ವರದಿ ಹೇಳುತ್ತದೆ. ಅದು ಸುಳ್ಳು. ಆ ಸುಳ್ಳಿಗೆ ಸಾಕ್ಷಿ ಹೇಳಿ ರುಜು ಹಾಕಿದವಳು ನಾನೇ. ನಿಮ್ಮ ಕ್ಯಾನ್ಸರ್ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಇದನ್ನು ನಿಮ್ಮ ಕೊಠಡಿಗೇ ಬಂದು ಹೇಳಬಹುದಿತ್ತಲ್ಲ ಎನ್ನುತ್ತೀರಿ. ಬಂದಿದ್ದೆ, ಎರಡು ಸಲ. "ವರದಿ ಮೇಲಕ್ಕೆ ಹೋಗಿಯಾಯ್ತು, ಈಗ ಯಾಕೆ ಕೆದಕ್ತೀರಾ ಸಿಸ್ಟರ್?" ಎಂದಿರಿ. ಹಾಗಾಗಿ ಊರೆಲ್ಲ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಆರು ವರ್ಷದ ಹಿಂದೆ ಪೂರಕ ಚಿಕಿತ್ಸಕರನ್ನು ಕರೆತಂದವರು ನೀವೇ. ಉಸಿರಾಟ ಹೇಳಿಕೊಡುವವರು, ಸಂಗೀತ ಕೇಳಿಸುವವರು, ಕೈಕಾಲು ಒತ್ತುವವರು. ಕಾಲೊತ್ತಲು ನಮ್ಮ ವಾರ್ಡಿಗೆ ಬಂದಾಕೆಯನ್ನು ರೋಗಿಗಳು ಪಾದದಮ್ಮ ಎನ್ನುತ್ತಿದ್ದರು. ಬೆನ್ನ ಹಿಂದೆ ನಾವು 'ಎಣ್ಣೆ ಡಾಕ್ಟ್ರು' ಎನ್ನುತ್ತಿದ್ದೆವು. ಕೀಮೋದಿಂದ ಪಾದ ಮರಗಟ್ಟಿದವರ ಪಕ್ಕ ಸ್ಟೂಲ್ ಎಳೆದುಕೊಂಡು, ಒಂದೊಂದು ಕಾಲಿಗೆ ಒಂದೊಂದು ಟವಲ್ ಹಾಸಿ ಕೂರುತ್ತಿದ್ದರು. ರೋಗ ವಾಸಿ ಮಾಡುತ್ತೇನೆಂದು ಒಂದು ದಿನವೂ ಬಡಾಯಿ ಕೊಚ್ಚಿದವರಲ್ಲ. "ವಾಸಿ ಮಾಡೋದು ಡಾಕ್ಟ್ರು. ನಾನು ಸ್ವಲ್ಪ ಹೊತ್ತು ನೋವು ಮರೆಸ್ತೀನಿ, ಅಷ್ಟೆ" ಎನ್ನುತ್ತಿದ್ದರು. 'ವಿಜ್ಞಾನವೂ ಸ್ಪರ್ಶವೂ ಒಂದೇ ಸೂರಿನಡಿ' ಎಂದು ಮುಂಬಾಗಿಲಲ್ಲಿ ನೀವು ಹಾಕಿಸಿದ ದೊಡ್ಡ ಚಿತ್ರದಲ್ಲಿರುವುದು ಅವರ ಕೈಗಳೇ. ಮುಖ ಬೇಕಾಗಿರಲಿಲ್ಲವೇನೋ. ಅದೇ ಸೂರಿನಡಿ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯುವ ಹಕ್ಕು ಅವರಿಗಿರಲಿಲ್ಲ. ಕಂಡದ್ದನ್ನು ನರ್ಸಿಗೆ ಬಾಯಲ್ಲಿ ಹೇಳಬೇಕು, ಬರೆಯುವುದೂ ಬಿಡುವುದೂ ನರ್ಸಿನ ಮರ್ಜಿ. ಅವರು ರುಜು ಹಾಕಬಹುದಾಗಿದ್ದ ಪುಸ್ತಕ ಒಂದೇ, ಟವಲ್ ಕೊಂಡೊಯ್ಯುವ ಬಟ್ಟೆ ರಿಜಿಸ್ಟರ್.

ಡ್ರೈವರ್ ಸತ್ತ ದಿನ ಬೆಳಿಗ್ಗೆ ಡಾಕ್ಟರರ ರೌಂಡ್ಸ್ ಮುಗಿದ ಮೇಲೆ ಅವರು ನನ್ನ ಮೇಜಿಗೆ ಬಂದರು. "ಸಿಸ್ಟರ್, ಹದಿನಾಲ್ಕರವರ ಎಡ ಮೀನಖಂಡ ಊದಿದೆ, ಮುಟ್ಟಿದ್ರೆ ಬಿಸಿ ಇದೆ. ರಕ್ತ ಹೆಪ್ಪುಗಟ್ಟಿರಬಹುದು, ಆ ಕಾಲು ನಾನು ಒತ್ತಲ್ಲ. ಡಾಕ್ಟ್ರಿಗೆ ಹೇಳ್ತೀರಾ?"

ನಾನು ತಲೆಯೆತ್ತಲಿಲ್ಲ. "ನೀವು ಎಣ್ಣೆ ಹಚ್ಚಿ ಅಮ್ಮ, ರೋಗ ನಮಗೆ ಬಿಡಿ" ಎಂದೆ. ಪಕ್ಕದಲ್ಲಿದ್ದ ಕಿರಿಯ ನರ್ಸ್ ಕಿಸಕ್ಕನೆ ನಕ್ಕಳು. ಆ ನಗು ನನಗೆ ಹಿತವಾಯಿತು. ಮಧ್ಯಾಹ್ನ ಡ್ರೈವರ್ ಬಚ್ಚಲಿಗೆಂದು ಎದ್ದು ಬಾಗಿಲಲ್ಲೇ ಕುಸಿದರು. ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಏರಿತ್ತು. ಸಂಜೆಯ ಹೊತ್ತಿಗೆ ಹಾಸಿಗೆ ಖಾಲಿಯಾಯಿತು.

ಇಪ್ಪತ್ತೆರಡು ರೋಗಿಗಳಿಗೆ ಇಬ್ಬರೇ ನರ್ಸುಗಳು, ಕೈಗೆ ಬಿಡುವಿರಲಿಲ್ಲ ಎಂದು ಬರೆಯಬಹುದು. ಅದು ನಿಜವೂ ಹೌದು, ಆದರೆ ಕಾರಣ ಅದಲ್ಲ. ಹಿಂದಿನ ವಾರ ಇದೇ ಡ್ರೈವರ್ ನನ್ನೆದುರೇ, "ಸಿಸ್ಟರ್, ನಿಮ್ಮ ನಿದ್ದೆ ಮಾತ್ರೆಗಿಂತ ಪಾದದಮ್ಮನ ಕೈಯೇ ವಾಸಿ ಬಿಡಿ" ಎಂದು ನಕ್ಕಿದ್ದರು. ನಾನೂ ನಕ್ಕೆ, ಆದರೆ ಹೊಟ್ಟೆಯೊಳಗೆ ಉರಿಯಿತು. ಹತ್ತೊಂಬತ್ತು ವರ್ಷ ಸೂಜಿ ಚುಚ್ಚಿದವಳಿಗಿಂತ ಎಣ್ಣೆ ಬಾಟಲಿಯವಳು ಹೆಚ್ಚೇ? ಒಬ್ಬರ ಜೀವಕ್ಕಿಂತ ಈ ಉರಿ ನನಗೆ ದೊಡ್ಡದಾಯಿತು. ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದಾಗ ಇನ್ನೂ ಹೆಚ್ಚು ಆಗುತ್ತಿತ್ತು.

ಡ್ರೈವರ್ ಹೆಂಡತಿ ವರಾಂಡದಲ್ಲಿ ಪಾದದಮ್ಮನ ಎದುರು ನಿಂತು, "ನಿನ್ನ ಕೈ ಸೇದಿಹೋಗ! ಒತ್ತಿ ಒತ್ತಿ ಕೊಂದೆಯಲ್ಲೇ!" ಎಂದು ಕಿರುಚಿದರು. ಪಾದದಮ್ಮ ನನ್ನ ಕಡೆ ನೋಡಿದರು. ನಾನು ಹೇಳಲಿ ಎಂದು ಕಾದರು. ನಾನು ಖಾಲಿ ಹಾಸಿಗೆಯ ಚಾದರ ಮಡಚುತ್ತಿದ್ದೆ. ಎಷ್ಟು ಹೊತ್ತು ಮಡಚಿದೆನೋ! ನಿಮ್ಮ ಸಮಿತಿಯ ಮುಂದೆಯೂ 'ಕಾಲು ಊದಿದ್ದನ್ನು ಯಾರೂ ನನ್ನ ಗಮನಕ್ಕೆ ತಂದಿರಲಿಲ್ಲ' ಎಂದು ಬರೆದುಕೊಟ್ಟೆ.

ಘನ ಸಮಿತಿಯ ಮೂವರು ವೈದ್ಯರು ನಾಲ್ಕು ದಿನ ಕೂತು ಎಲ್ಲ ಕಡತ ತಿರುವಿದರಂತೆ. ಬಟ್ಟೆ ರಿಜಿಸ್ಟರ್ ಮುಟ್ಟಲಿಲ್ಲ. ವೈದ್ಯರಿಗೂ ಟವಲಿಗೂ ಏನು ಸಂಬಂಧ, ಅಲ್ಲವೇ? ಆ ದಿನದ ಪುಟದಲ್ಲಿ ಎಲ್ಲ ಹಾಸಿಗೆಯ ಮುಂದೆ ಟವಲ್ ಎರಡು ಎಂದಿದೆ. ಹದಿನಾಲ್ಕರ ಮುಂದೆ ಒಂದು, ಅದರ ಪಕ್ಕ ಪುಟ್ಟ ಅಕ್ಷರದಲ್ಲಿ 'ಬಲಗಾಲಿಗೆ ಮಾತ್ರ'. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನೀವೋ, ಸಂಗೀತದವರನ್ನೂ ಸೇರಿಸಿ ಎಲ್ಲರನ್ನೂ ಮನೆಗೆ ಕಳಿಸಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ಬೀಳಬೇಕಾದವಳು ಮರುದಿನವೇ ಡ್ಯೂಟಿಗೆ ಬಂದಳು. ಕೈಗಳ ಚಿತ್ರ ಮಾತ್ರ ಮುಂಬಾಗಿಲಲ್ಲಿ ಹಾಗೇ ಇದೆ.

ನನ್ನ ಹೇಳಿಕೆ ಸುಳ್ಳೆಂದು ದಾಖಲಿಸಿ, ನನ್ನ ಮೇಲೆ ಕ್ರಮ ಕೈಗೊಳ್ಳಿ. ಪಾದದಮ್ಮನನ್ನು ಮರಳಿ ಕರೆಯಿರಿ, ಕೇಸ್ ಶೀಟಿನಲ್ಲಿ ಅವರಿಗೊಂದು ಸಾಲು ಕೊಡಿ. ರೋಗಿಯನ್ನು ಮುಟ್ಟಬಹುದಾದವರು ಮುಟ್ಟಿ ಕಂಡದ್ದನ್ನು ಬರೆಯಬಾರದೆಂಬ ನಿಯಮ ಯಾವ ವಿಜ್ಞಾನ?

ಡ್ರೈವರ್ ಹೆಂಡತಿಗೆ ಇದು ಪತ್ರಿಕೆಯಿಂದ ತಿಳಿಯಬಾರದೆಂದು ನಿನ್ನೆ ಅವರ ಮನೆಗೆ ಹೋಗಿ ಎಲ್ಲ ಹೇಳಿದೆ. ಬಯ್ಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರೋ, "ಆಯಮ್ಮನಿಗೆ ಕೆಟ್ಟ ಮಾತು ಆಡಿಬಿಟ್ನಲ್ಲ. ಅವರ ಮನೆ ಎಲ್ಲಿ?" ಎಂದು ಕೇಳಿದರು.

ಆರು ವರ್ಷ ಒಂದೇ ವಾರ್ಡು. ನನಗೆ ಗೊತ್ತಿರಲಿಲ್ಲ. ವಿಳಾಸ ನಿಮ್ಮ ಕಚೇರಿಯಲ್ಲಿದೆ. ದಯವಿಟ್ಟು ಕೊಡಿ, ನಾವಿಬ್ಬರೂ ಹೋಗಬೇಕಾಗಿದೆ.

ಇಂತಿ,
ಜೇಬಿನಲ್ಲಿ ಪೆನ್ನಿದ್ದೂ ಬರೆಯದ
ನಿಮ್ಮ ವಾರ್ಡಿನ ನರ್ಸ್