ಎಣ್ಣೆ ಮುಟ್ಟದವರ ಎಣ್ಣೆ ವ್ಯಾಪಾರ

ಬುಧವಾರ, ಸಂಜೆ

ನನ್ನ ಗುಬ್ಬಿಗೆ ಅಮ್ಮನ ಮುದ್ದು,

ಭಾನುವಾರದ ಪತ್ರಿಕೆಯಲ್ಲಿ ನನ್ನ ಫೋಟೊ ಬರಬಹುದು. ಅದನ್ನು ನಿನ್ನ ಆಫೀಸಿನವರು ತಂದು ತೋರಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ಫೋನಿನಲ್ಲಿ ಹೇಳಹೊರಟರೆ ನೀನು ‘ಅಮ್ಮಾ’ ಅನ್ನುವಷ್ಟರಲ್ಲಿ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಈ ಕಾಗದ.

ನನ್ನ ವ್ಯಾನಿನಲ್ಲಿ ಡಯಾಲಿಸಿಸ್‌ಗೆ ಬರುವವರಲ್ಲಿ ಟೈಲರಕ್ಕ ನಿನಗೆ ಗೊತ್ತಲ್ಲ, ಸೇತುವೆಯಾಚೆ ಒಬ್ಬಳೇ ಇರುವವಳು. ಆಸ್ಪತ್ರೆಯವರು ವ್ಯಾನಿನ ಬಾಡಿಗೆ ಗೊತ್ತು ಮಾಡಿದ್ದು ವರ್ಷದ ಮೊದಲಲ್ಲಿ. ಡೀಸೆಲ್ ಬೆಲೆ ಆಮೇಲೆ ಏರುತ್ತಲೇ ಹೋಯಿತು. ಒಂದು ದಿನ ಸ್ಟಿಯರಿಂಗ್ ಹಿಡಿದುಕೊಂಡೇ, ಹೀಗಾದರೆ ಸೇತುವೆ ದಾಟುವುದನ್ನು ನಿಲ್ಲಿಸಬೇಕಾಗುತ್ತದೆ ಎಂದು ಗೊಣಗಿದೆ. ಹಿಂದಿನ ಸೀಟಿನಲ್ಲಿ ಅವಳು ಕೇಳಿಸಿಕೊಂಡಳು.

ಮರುವಾರ ಫೋನ್ ಮಾಡಿ, ಅಣ್ಣನ ಮನೆಯಲ್ಲಿದ್ದೇನೆ, ಅವನೇ ಆಸ್ಪತ್ರೆಗೆ ಬಿಡುತ್ತಾನೆ ಎಂದಳು. ನಂಬಿದೆ. ಒಂದು ಸುತ್ತು ಉಳಿಯಿತಲ್ಲ ಎಂದು ಮನಸ್ಸು ಹಗುರವೂ ಆಯಿತು. ಅಣ್ಣನೂ ಇಲ್ಲ, ಆಸ್ಪತ್ರೆಯೂ ಇಲ್ಲ, ಮನೆಯಲ್ಲೇ ಕೂತಿದ್ದಾಳೆ! ಅವಳ ಪಕ್ಕದ ಮನೆಯವರು ಫೋನ್ ಮಾಡಿದಾಗಲೇ ಗೊತ್ತಾಗಿ ಓಡಿದೆ. ಹೊಲಿಗೆ ಯಂತ್ರಕ್ಕೆ ತಲೆಯಾನಿಸಿ ಏದುಸಿರು ಬಿಡುತ್ತಿದ್ದಳು. ಕಾಲು ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಆಸ್ಪತ್ರೆಗೆ ವ್ಯಾನ್ ಹೇಗೆ ಓಡಿಸಿದೆನೋ, ನೆನಪಿಲ್ಲ. ಸದ್ಯ, ಉಳಿದಳು.

ಕಣ್ಣು ಬಿಟ್ಟವಳು ಮೊದಲು ನನಗೇ ಸಮಾಧಾನ ಹೇಳಿದಳು. ನಾನೋ ಬಂಕಿನವನಿಗೆ ಹಿಡಿಶಾಪ ಹಾಕುತ್ತಿದ್ದೆ. “ಅವನನ್ನ ಬೈದು ಏನು ಬಂತೇ? ಕಾನೂನು ಮಾಡೋರ ಹತ್ರ ಹೋಗೋಣ, ನಾನೂ ಬರ್ತೀನಿ,” ಎಂದಳು.

ಹೊರಟೆವು. ಅದೇ ಬಂಕಿನಲ್ಲಿ ಮೇಜು ಹಾಕಿ, ಸಾಲಿನಲ್ಲಿ ನಿಂತವರಿಂದ ಮನವಿಗೆ ಸಹಿ ಹಾಕಿಸಿದೆವು. ಬಂಕಿನವನೇ ಮೊದಲು ಸಹಿ ಹಾಕಿದ. “ಬೆಲೆ ಏರಿಸೋರು ಯಾರೋ, ಬೈಗುಳ ತಿನ್ನೋನು ನಾನು,” ಎಂದು ಕುರ್ಚಿಯನ್ನೂ ಕೊಟ್ಟ. ಕೊನೆಗೆ ಶಾಸಕರ ಸಮಿತಿ ನಮ್ಮನ್ನು ಕರೆಸಿತು. ನಿನ್ನೆ ಅಲ್ಲಿ ಮಾತಾಡಿದವಳು ನಾನು.

ಅಧ್ಯಕ್ಷರು ಸೌಜನ್ಯದ ಮನುಷ್ಯ. ಎಣ್ಣೆ ದೂರದಿಂದ ಬರುತ್ತದೆ, ಕೊರತೆಯಾದರೆ ಬೆಲೆ ಏರುತ್ತದೆ, ಕಾನೂನು ಏನು ಮಾಡೀತು ಎಂದರು. ಆಗ ನೀನು ಕಳೆದ ಸಲ ಬಂದಾಗ ಊಟದ ಮೇಜಿನಲ್ಲಿ ಹೇಳಿದ್ದನ್ನೇ ಹೇಳಿದೆ: ಕೊಳ್ಳುವವರಲ್ಲಿ ಎಷ್ಟೋ ಜನರಿಗೆ ಲಾರಿ ಇಲ್ಲ, ಒಲೆ ಇಲ್ಲ, ಎಣ್ಣೆ ಬೇಕಾಗಿಯೂ ಇಲ್ಲ, ಮುಂದಿನ ತಿಂಗಳ ಎಣ್ಣೆಯನ್ನು ಕಾಗದದಲ್ಲೇ ಕೊಂಡು, ಬೆಲೆ ಏರಿದಾಗ ಕಾಗದದಲ್ಲೇ ಮಾರುತ್ತಾರೆ. ಈ ಸಟ್ಟಾ ವ್ಯಾಪಾರಕ್ಕೆ ಒಂದು ಮಿತಿ ಹಾಕಿ ಎಂದೆ.

ಸಮಿತಿಯಲ್ಲಿದ್ದ ಒಬ್ಬ ಶಾಸಕಿ ಬಿಡಲಿಲ್ಲ. ಅಂಥವರು ಇರುವುದರಿಂದಲೇ ಬಸ್ಸು, ವಿಮಾನ ಕಂಪನಿಗಳಿಗೆ ಬೆಲೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳಲು ಆಗುತ್ತದೆ, ಅವರನ್ನು ಓಡಿಸಿದರೆ ಗತಿಯೇನು ಎಂದು ಕೇಳಿದರು. ಓಡಿಸಬೇಡಿ, ಮಿತಿ ಹಾಕಿ ಎಂದಷ್ಟೇ ಅಂದೆ. ಇದೆಲ್ಲ ನಿಮಗೆ ಹೇಳಿಕೊಟ್ಟವರು ಯಾರು ಎಂದರು.

ಗುಬ್ಬೀ, ಸುಳ್ಳು ಹೇಳಬಹುದಿತ್ತು. ವ್ಯಾನಿನಲ್ಲಿ ಯಾರಾದರೂ ನಿನ್ನ ಕೆಲಸ ಏನೆಂದು ಕೇಳಿದರೆ ‘ಬ್ಯಾಂಕಿನಂಥದ್ದು’ ಎಂದು ಹಾರಿಸುತ್ತಿದ್ದವಳು ನಾನು. ನಿನ್ನೆ ಹಾರಿಸಲಾಗಲಿಲ್ಲ. “ನನ್ನ ಮಗಳು. ಅವಳದೂ ಅದೇ ಕೆಲಸ,” ಎಂದೆ. ಸಭೆಯಲ್ಲಿ ಗುಜುಗುಜು ಎದ್ದಿತು. ಯಾವ ಕಂಪನಿ ಎಂದು ಕೇಳಿದರು. “ಹೇಳಲ್ಲ ತಾಯಿ. ನಾನು ಕಾನೂನು ಕೇಳೋಕೆ ಬಂದಿದ್ದೀನಿ, ಮಗಳ ಮೇಲೆ ದೂರು ಹೇಳೋಕಲ್ಲ,” ಎಂದೆ.

ಬೆಲೆ ಇನ್ನೂ ಇಳಿದಿಲ್ಲ. ಮಿತಿಯ ವಿಷಯವನ್ನು ಮುಂದಿನ ಸಭೆಯಲ್ಲಿ ಮತಕ್ಕೆ ಹಾಕುತ್ತಾರಂತೆ. ಆಸ್ಪತ್ರೆಯವರು ಮಾತ್ರ ಸೇತುವೆಯಾಚೆಯವರಿಗೆಲ್ಲ ಒಂದೇ ಹೊತ್ತು ಕೊಟ್ಟಿದ್ದಾರೆ. ಒಂದೇ ಸುತ್ತಿನಲ್ಲಿ ಎಲ್ಲರೂ ಬರುತ್ತಾರೆ. ನಿನ್ನೆ ಸಭೆಯಿಂದ ವಾಪಸು ಬರುವಾಗ ಟೈಲರಕ್ಕ, ಅಷ್ಟು ಜನರ ಮುಂದೆ ನೀನು ಮಗಳನ್ನೂ ಬಿಟ್ಟುಕೊಡಲಿಲ್ಲ, ನಮ್ಮನ್ನೂ ಬಿಟ್ಟುಕೊಡಲಿಲ್ಲ ಎಂದಳು. ನಿನಗೂ ಹಾಗೇ ಅನ್ನಿಸುತ್ತದೋ ಇಲ್ಲವೋ, ಗೊತ್ತಿಲ್ಲ. ಕೋಪ ಬಂದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸಮಿತಿಯ ಕಚೇರಿಯಿಂದ ಫೋನ್ ಬಂತು. ಆ ವ್ಯಾಪಾರದ ಒಳಗಿನವರೇ ಒಬ್ಬರು ನಿನ್ನೆಯ ಸಭೆಯ ಸುದ್ದಿ ಕೇಳಿ ತಾವಾಗಿ ಮುಂದೆ ಬಂದು, ಮುಂದಿನ ಸಭೆಯಲ್ಲಿ ಮಿತಿಯ ಪರವಾಗಿ ಮಾತಾಡುತ್ತೇನೆ ಎಂದಿದ್ದಾರಂತೆ. ಹೆಣ್ಣುಮಗಳಂತೆ. ಹೆಸರು ಹೇಳುವಂತಿಲ್ಲ ಎಂದರು. ನಾನೂ ಕೇಳಲಿಲ್ಲ. ನೀನೇ ಆಗಿದ್ದರೆ ಹೋಟೆಲಿನಲ್ಲಿ ಇಳಿಯಬೇಡ, ಸ್ಟೇಷನ್ನಿಗೆ ವ್ಯಾನ್ ತರುತ್ತೇನೆ. ನೀನಲ್ಲದಿದ್ದರೂ ಬಾ.