ಒಂದು ಬುಟ್ಟಿ ಮಣ್ಣು

ಅಪ್ಪಾ,

ಇವತ್ತು ಬೆಳಗ್ಗೆ ಅಣ್ಣ ಬಂದಿದ್ದ. ಒಳ್ಳೇ ಹೊಲವನ್ನೆಲ್ಲ ಅವನಿಗೆ ಬರೆದು, ಇಟ್ಟಿಗೆ ಭಟ್ಟಿಯವರು ಅಗೆದು ಬಿಟ್ಟುಹೋದ ಗುಂಡಿಯನ್ನು ನನ್ನ ಪಾಲಿಗೆ ತಳ್ಳಿದೆಯಲ್ಲ, ಅಲ್ಲಿಗೇ ಬಂದ. "ಹೋಗು, ಇಟ್ಟಿಗೆ ಬೆಳ್ಕೋ" ಅಂತ ನಕ್ಕಿದ್ದೆ ನೀನು. ತರಗೆಲೆ, ಸಗಣಿ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಯಿತು. ಈಗ ಅಲ್ಲಿ ಎಲ್ಲಿ ಕೈ ಹಾಕಿದರೂ ಎರೆಹುಳು. ಅವನ ಹೊಲವೋ, ಯೂರಿಯಾ ಸುರಿದೂ ಸುರಿದೂ ಬಂಡೆಯಾಗಿದೆ.

"ಹೊಲದಲ್ಲಿ ಅಪ್ಪನ ಸಮಾಧಿ ಮೇಲೆ ಹುಲ್ಲೂ ಹುಟ್ತಿಲ್ಲ ಕಣೇ. ಒಂದು ಬುಟ್ಟಿ ಮಣ್ಣು ಕೊಡು" ಅಂದ.

"ಇಟ್ಟಿಗೆ ಬೇಕಾದ್ರೆ ಕೇಳು. ನಾನು ಬೆಳೆಯೋದು ಅದನ್ನೇ" ಅಂದೆ.

ತಲೆ ತಗ್ಗಿಸಿಕೊಂಡು ಹೋದ. ನನ್ನ ಹೊಟ್ಟೆಯುರಿ ತಣ್ಣಗಾಯಿತು.

ಆಮೇಲೆ ಒಂದು ಬುಟ್ಟಿ ತುಂಬಿಸಿ, ಒಣಗದ ಹಾಗೆ ಒದ್ದೆ ಗೋಣಿ ಮುಚ್ಚಿ, ಬಾಗಿಲಲ್ಲಿ ಇಟ್ಟಿದ್ದೇನೆ. ಅಣ್ಣನಿಗಲ್ಲ. ಬೇಕಿದ್ದರೆ ನೀನೇ ಬಂದು ಕೇಳು.