ಹೆಸರು ಅಳಿಸಿದ ಹೃದಯ

ಬನಶಂಕರಿ ಎರಡನೇ ಹಂತ
9 ನವೆಂಬರ್ 2025

ಮುದ್ದು ಪ್ರೇರಣಾ,

ಹೇಗಿದ್ದೀಯ ಪುಟ್ಟಿ? ಹೈದರಾಬಾದಿನ ಖಾರ ಹೊಟ್ಟೆಗೆ ಒಗ್ಗಿತೆ? ದಿನವಿಡೀ ಕತ್ತಲೆ ಕೋಣೆಯಲ್ಲಿ ಪರದೆ ನೋಡುವ ಕೆಲಸ, ಕಣ್ಣು ಜೋಪಾನ. ನಿನ್ನಜ್ಜಿ ಚಟ್ನಿಪುಡಿ ಮಾಡಿದ್ದಾಳೆ, ಅದರ ಜೊತೆಗೇ ಈ ಕಾಗದವನ್ನೂ ಕೊರಿಯರ್ ಮಾಡುತ್ತಿದ್ದೇನೆ. ನಾನು ಗುಂಡುಕಲ್ಲಿನ ಹಾಗಿದ್ದೇನೆ, ಮಹಡಿ ಹತ್ತುವಾಗ ಮಾತ್ರ ಕಲ್ಲಿಗೆ ಸ್ವಲ್ಪ ಏದುಸಿರು.

ಆ ಏದುಸಿರು ಕೇಳಲಾರದೆ, ದಸರಾ ಕಳೆದ ಮೇಲೆ ಅಜ್ಜಿ ನನ್ನನ್ನು ಜಯನಗರಕ್ಕೆ, ನಿನಗೆ ಪಾಠ ಹೇಳಿದ ಡಾಕ್ಟರ್ ಅಂಜನಾ ಅವರ ಹತ್ತಿರ ಎಳೆದುಕೊಂಡು ಹೋದಳು. ಎಡಮಗ್ಗುಲಿಗೆ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ ಸವರಿ ಎಕೋ ಮಾಡಿದರು. ನನ್ನ ಹೃದಯವನ್ನು ನಾನೇ ನೋಡಿದೆ ಪುಟ್ಟಿ! ನೀರಿನ ಬೋರ್ಡಿನಲ್ಲಿ ಇಡೀ ಸರ್ವೀಸನ್ನು ವಾಲ್ವ್‌ಗಳ ಜೊತೆ ಕಳೆದವನು ನಾನು. ನನ್ನೊಳಗೇ ಅಷ್ಟು ನವಿರಾದ ವಾಲ್ವ್‌ಗಳು, ಯಾರೂ ತಿರುಗಿಸದೆ, ಹುಟ್ಟುವ ಮೊದಲಿನಿಂದಲೂ ತೆರೆದು ಮುಚ್ಚುತ್ತಿವೆ. ಕೈ ತಾನಾಗಿ ಮುಗಿಯಿತು. "ಅಲ್ಲಾಡ್ಬೇಡಿ ಸಾರ್" ಎಂದು ಮೇಡಂ ಗದರಿದರು.

ಎಂಬಿಬಿಎಸ್, ಎಂಡಿ, ಡಿಎಂ ಎಲ್ಲ ಮುಗಿಸಿದ ನೀನು, ಹೃದಯದ ಚಿತ್ರ ಓದಲು ಇನ್ನೊಂದು ತರಬೇತಿ ಎಂದು ಹೊರಟಾಗ, "ನಿನ್ನ ಓದು ಮುಗಿಯೋದು ನಾನು ಹೋದ್ಮೇಲೇನೇ?" ಎಂದು ರೇಗಿಸಿದ್ದೆ. ಫೋಟೊ ನೋಡುವುದಕ್ಕೆ ಇಷ್ಟು ಓದೇ ಎಂದುಕೊಂಡಿದ್ದೆ.

ಮೊನ್ನೆ ಮತ್ತೆ ಹೋದಾಗ ಮೇಡಂ ತಮ್ಮ ಪದ್ಧತಿ ಹೇಳಿದರು. ಕಷ್ಟದ ಚಿತ್ರಗಳನ್ನು ಹೆಸರು ಅಳಿಸಿ ಹಳೆಯ ಶಿಷ್ಯರಿಗೆ ಕಳಿಸುತ್ತಾರಂತೆ, ತಮ್ಮ ಅಭಿಪ್ರಾಯ ಏನೆಂದು ಮಾತ್ರ ಮೊದಲೇ ಹೇಳುವುದಿಲ್ಲವಂತೆ. ಹೋದ ವಾರ ನೀನು ಓದಿದ ಒಬ್ಬ ಮುದುಕನ ಚಿತ್ರದ ವಿಷಯ ಬಂತು. ವಾಲ್ವಿನ ಒಂದು ಅಂಚು ಸಡಿಲವಾಗಿ ರಕ್ತ ಹಿಂದಕ್ಕೆ ಸೋರುತ್ತಿದೆ, ಮೇಡಂಗೂ ಅನುಮಾನವಿದ್ದ ಆ ಜಾಗವನ್ನು ನೀನು ಖಚಿತವಾಗಿ ತೋರಿಸಿದೆಯಂತೆ. "ರೋಗಿ ಆಯಾಸವಿಲ್ಲ ಅಂತಾರೆ, ನಂಬಬೇಡಿ. ಈಗ ರಿಪೇರಿ ಆಗುತ್ತೆ, ತಡ ಮಾಡಬೇಡಿ" ಎಂದು ಬರೆದಿದ್ದೆಯಂತೆ. ಎಲ್ಲೋ ಕೂತು, ಮುಖ ಕಾಣದ ಒಬ್ಬನ ಪ್ರಾಣಕ್ಕೆ ನನ್ನ ಮೊಮ್ಮಗಳು ಇಷ್ಟು ಪಟ್ಟು ಹಿಡಿದಳಲ್ಲ! ಅಜ್ಜಿ ಅಲ್ಲೇ ಕಣ್ಣೊರೆಸಿಕೊಂಡಳು.

ಶಿವ ನಿನ್ನ ಕಣ್ಣಿಗೂ ಕೈಗೂ ಬೆಳಕಾಗಿರಲಿ.

ನಿನ್ನ ತಾತ,
ಜಯದೇವಪ್ಪ

ವಿ.ಸೂ.: ಆ ಮುದುಕ ನಾನೇ. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ. ನನ್ನ ಚಿತ್ರ ಎಂದು ಗೊತ್ತಾದರೆ ನಿನ್ನ ಕಣ್ಣು ಮಂಜಾಗುತ್ತದೆ, ಅವಳಿಗೆ ತಿಳಿಸಬೇಡಿ ಎಂದು ಮೇಡಂಗೆ ಹೇಳಿದವನೂ ನಾನೇ. ಆಪರೇಷನ್ ಬೇಡವೇ ಬೇಡ ಎಂದು ಹಟ ಹಿಡಿದಿದ್ದೆ, ನೀನು ಬರೆದದ್ದು ಕೇಳಿ ಒಪ್ಪಿಕೊಂಡೆ. 24ನೇ ತಾರೀಕು, ಸೋಮವಾರ. ಬಾ ಪುಟ್ಟಿ, ಭಯವಾಗುತ್ತಿದೆ. ತಡ ಮಾಡಬೇಡಿ ಎಂದವಳು ನೀನು, ನೀನೂ ತಡ ಮಾಡಬೇಡ.